ಗೊರಗುಂಟೆಪಾಳ್ಯ

ಗೊರಗುಂಟೆಪಾಳ್ಯ ಅನ್ನೋದಕ್ಕೆ
ಬಾಯಲ್ಲಿ ಒಂದು ಹನಿಯಾದರೂ ಇರಬೇಕು.
ಗೊರ ಅಂದೆ, ಗುಂಟೆ ಅನ್ನುವಷ್ಟರಲ್ಲಿ
ನಾಲಗೆ ಹೋಗಿ ಅಂಗುಳಕ್ಕೆ ಅಂಟಿಕೊಂಡಿತು
ಎಲೆಕ್ಷನ್ ಮುಗಿದರೂ ಬಿಡದ ಪೋಸ್ಟರಿನ ಹಾಗೆ.
ಪಾಳ್ಯ ಬರಲೇ ಇಲ್ಲ.
ಸ್ಟಾಪು ದಾಟಿದ ಮೇಲೆ ಹಿಂದಿನ ಸೀಟಿನ ಅಜ್ಜಿ ಬೈದಳು:
"ಬಾಯಿಗೇನು ಕಡುಬು ತುರುಕಿಕೊಂಡಿದ್ದೀಯೇನೆ?"

ಕಡುಬು ತುರುಕಿಕೊಂಡರೆ ಇಳಿಯಬೇಕಲ್ಲ ತಾಯಿ.
ಚಪಾತಿ ಬಟ್ಟೆ. ಹುರಿಗಡಲೆ ಮರಳು.
ಮುದ್ದೆ ಅಗಿಯೋದಲ್ಲ ನುಂಗೋದು ಅಂತಾರೆ,
ನುಂಗೋದಕ್ಕೂ ಜಾರುವ ದಾರಿ ಬೇಕು,
ಒಂದು ತುತ್ತಿಗೆ ಎರಡು ಸೌಟು ಸಾರು ನನಗೆ.

ಬುಡದಿಂದಲೇ ಹಲ್ಲು ಪುಡಿಯಾಗಿ ಉದುರತೊಡಗಿದಾಗ
ಮೊದಲನೇ ಡಾಕ್ಟರು ಕೇಳಿದ್ದು, "ಗುಟ್ಕಾನಾ?"
ಎರಡನೆಯವರು, "ಬ್ರಶ್ ಮಾಡ್ತೀರಾ, ಇಲ್ವಾ?"
ಕೋಟೆಯ ಹತ್ತಿರದ ದಂತ ಆಸ್ಪತ್ರೆಯಲ್ಲಿ
ನಜ್ನೀನ್ ಅಂತ ಹುಡುಗಿ, ಇನ್ನೂ ಓದುತ್ತಿರುವವಳು,
ಪುಟ್ಟ ಕನ್ನಡಿ ಒಳಗಿಟ್ಟಳು. ಅದು ಕೆನ್ನೆಗೆ ಕಚ್ಚಿಕೊಂಡಿತು.
ಎಳೆದಾಗ ಟಪ್ ಅಂತ ಸದ್ದು.
ಅವಳು ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದಳು,
"ಅಳು ಬಂದಾಗ ಕಣ್ಣೀರು ಬರುತ್ತಾ, ಅಮ್ಮ?"

ಹೋದ ವರ್ಷ ಅಕ್ಕ ಹೋದಳು.
ಎಲ್ಲರೂ ಗೋಳಾಡುವಾಗ ನಾನು
ಒಣಗಿದ ಕಣ್ಣು ಉಜ್ಜುತ್ತಾ ಕಂಬಕ್ಕೆ ಒರಗಿದ್ದೆ,
ರೆಪ್ಪೆಯೊಳಗೆ ಮಣ್ಣು ಹಾಕಿದ ಹಾಗೆ.
"ಕಲ್ಲೆದೆ" ಅಂದರು ಭಾವನ ಕಡೆಯವರು.
ನಾನೂ ನಂಬಿಬಿಟ್ಟಿದ್ದೆ.

ಲೋಟ ಕೊಟ್ಟರು. ಹದಿನೈದು ನಿಮಿಷ ಕೂತು
ಇದರಲ್ಲಿ ಉಗುಳಿ ಅಂದರು.
ಹತ್ತೊಂಬತ್ತು ವರ್ಷದ ಸರ್ವಿಸ್ ನನ್ನದು,
ಕಿಟಕಿಯಿಂದ ಉಗುಳಿದವರ ಮೇಲೆಲ್ಲ ಜಗಳವಾಡಿದವಳು,
"ಉಗುಳಬಾರದು" ಬೋರ್ಡಿನ ಕೆಳಗೇ ನಿಂತು.
ಹದಿನೈದು ನಿಮಿಷವಾದ ಮೇಲೆ ಲೋಟದ ತಳದಲ್ಲಿ
ಸಾಸಿವೆಯಷ್ಟು ನೊರೆ.
ನಜ್ನೀನ್ ಅದನ್ನೂ ಅಳೆದು ಬರೆದುಕೊಂಡಳು, ಪಾಪ.

ಕಾಯಿಲೆಯ ಹೆಸರು ಶೋಗ್ರನ್ ಅಂತೆ,
ಗೊರಗುಂಟೆಪಾಳ್ಯಕ್ಕಿಂತ ಸಣ್ಣ ಹೆಸರು.
ಹೊರಗಿನವರು ಯಾರೂ ಅಲ್ಲ,
ಬಾವಿ ಕಾಯೋಕೆ ಇಟ್ಟವನೇ
ರಾತ್ರಿಯೆಲ್ಲ ಬಾವಿಗೆ ಮಣ್ಣು ತುಂಬುವುದಂತೆ.
(ಮೆಜೆಸ್ಟಿಕ್ಕು ಕಟ್ಟಿದ್ದೂ ಕೆರೆ ಮುಚ್ಚಿ ಅಂತಾರೆ.
ಇರಲಿ, ಅದಕ್ಕೂ ನನಗೂ ಏನು ಸಂಬಂಧ.)

ಎಂಜಲು ಕೈಯಲ್ಲಿ ದುಡ್ಡು ಮುಟ್ಟಬೇಡ, ಲಕ್ಷ್ಮಿ ಅದು,
ಅಂತ ಅವ್ವ ಕೈಗೆ ಹೊಡೆಯುತ್ತಿದ್ದಳು.
ಕೆಲಸಕ್ಕೆ ಸೇರಿದ ಮೇಲೆ ಯಾರ ಮಾತು ಕೇಳಿದೆ?
ನಾಲಗೆಗೆ ಹೆಬ್ಬೆಟ್ಟು, ಹೆಬ್ಬೆಟ್ಟಿಗೆ ಟಿಕೆಟ್ಟು,
ಸರಸರ ಹರಿಯುತ್ತಿದ್ದೆ.
ಈಗ ಮೆಷಿನ್ನು. ಆದರೂ ನೋಟು ಎಣಿಸುವಾಗ
ಹೆಬ್ಬೆಟ್ಟು ತಾನಾಗಿ ತುಟಿಗೆ ಹೋಗಿ
ಬರಿಗೈಯಲ್ಲಿ ವಾಪಸು ಬರುತ್ತದೆ.
ಅವ್ವ ಈಗ ಇದ್ದಿದ್ದರೆ
ಎಂಜಲಿಲ್ಲದವಳು ಅಂತ ದೇವರ ಕೋಣೆಗೇ ಕೂರಿಸುತ್ತಿದ್ದಳು.

ಗುಟುಕು ಗುಟುಕಾಗಿ ನೀರು ಕುಡೀರಿ ಅಂತಾರೆ ಡಾಕ್ಟರು.
ಕುಡಿದ ನೀರು ಎಲ್ಲಿ ಇಳಿಸಲಿ
ಮೆಜೆಸ್ಟಿಕ್ಕಿನಿಂದ ಜಾಲಹಳ್ಳಿ ಕ್ರಾಸ್ ತನಕ?
ಇದನ್ನು ಡ್ರೈವರ್ ಮುನಿಯಲ್ಲಪ್ಪನಿಗೆ ನಾನು ಹೇಳಿಲ್ಲ,
ಅವನೂ ಕೇಳಿಲ್ಲ.
ಯಶವಂತಪುರದ ಪೆಟ್ರೋಲ್ ಬಂಕಿನ ಹತ್ತಿರ ದಿನಾ ನಿಲ್ಲಿಸಿ
"ಟೈರ್ ನೋಡ್ತೀನಿ" ಅಂತ ಇಳಿದು
ಅದೇ ಟೈರನ್ನು ನಾಲ್ಕು ಸಲ ಒದೆಯುತ್ತಾನೆ,
ನಾನು ಬಂಕಿನ ಹಿಂದಿನಿಂದ ಬರುವ ತನಕ.

ಇವತ್ತು ಮುಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು
ಉಪ್ಪು ಖಾರ ಹಚ್ಚಿದ ತೋತಾಪುರಿ ಕಚ್ಚಿದಳು.
ಅರ್ಧ ಬಸ್ಸು ಉಗುಳು ನುಂಗಿತು, ನೋಡಿದೆ.
ನನಗೂ ಕಿವಿಯ ಕೆಳಗೆ ಚುಳ್ಳೆಂದು ಸೆಳೆಯಿತು.
ಕಾವೇರಿ ನೀರು ಬಿಡುವ ದಿನ
ಕೊಡ ಇಟ್ಟು ಕಾದಿದ್ದಕ್ಕೆ ನಲ್ಲಿಯಲ್ಲಿ ಸುಮ್ಮನೆ
ಗಾಳಿ ಗೊರಗುಟ್ಟಿದ ಹಾಗೆ.

ಆಮೇಲೆ ಫ್ಲೈಓವರ್ ಕಂಡಿತು.
ಬಾಟಲಿ ಎತ್ತಿದೆ. ನುಂಗಲಿಲ್ಲ,
ಆ ಗುಟುಕನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ
ನಾಲಗೆಯ ಕೆಳಗೂ ಒಂದಿಷ್ಟು ನಿಲ್ಲಿಸಿ
ಒಂದೇ ಉಸಿರಿಗೆ ಕೂಗಿದೆ, ಪಾಳ್ಯದ ತನಕ.

ಅದೇ ಅಜ್ಜಿ. ಸೊಂಟ ಹಿಡಿದುಕೊಂಡು ಇಳಿದಳು,
"ಕಿವುಡಿಯೇನೇ ನಾನು, ಅಷ್ಟ್ಯಾಕೆ ಕಿರುಚ್ತೀಯಾ?"
ಅನ್ನುತ್ತಾ.