ದಿಡ್ಡಿ ಬಾಗಿಲು

ಬ್ಯಾಟರಿ ಹೋಯಿತು, ಸ್ಟೆಪ್ನಿ ಹೋಯಿತು, ಜಾಕು ಹೋಯಿತು.
ಹಿಂದಿನ ಸೀಟಿನಡಿಯ ರಟ್ಟಿನ ಡಬ್ಬ ಮಾತ್ರ ಉಳಿಯಿತು.
ಮಕ್ಕಳು ಮರೆತು ಇಳಿದ ಒಂಟಿ ಕಾಲುಚೀಲ,
ಮುಚ್ಚಳವಿಲ್ಲದ ನೀರಿನ ಬಾಟಲಿ,
ಕೊರಳಪಟ್ಟಿಗೆ ‘ಯು.ಕೆ.ಜಿ. ಬಿ’ ಎಂದು ಹೊಲಿದ ಸ್ವೆಟರು.
ಕಳ್ಳನಿಗೂ ಬೇಡವಾದ ಆಸ್ತಿ.

ಬೆಳಿಗ್ಗೆ ಏಳೂಕಾಲು.
ಸಾಲಗಾಮೆ ರಸ್ತೆಯುದ್ದಕ್ಕೂ ಗೇಟು ಗೇಟಿನಲ್ಲಿ
ನನ್ನ ಹದಿನಾಲ್ಕು ಮಕ್ಕಳು ನಿಂತಿರುತ್ತಾರೆ.
ನಾನು ಶೆಡ್ಡಿನಲ್ಲಿ ಚಾವಿ ತಿರುಗಿಸುತ್ತೇನೆ,
ವ್ಯಾನು ಕೆಮ್ಮುವುದೂ ಇಲ್ಲ.

“ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ”
ಕಾಂಪೌಂಡಿನ ಮೇಲಿಂದ ಜಲಜಾಕ್ಷಿ, ಹಾಲಿನ ಪಾತ್ರೆ ಹಿಡಿದು.
ರಾತ್ರಿ ಸದ್ದು ಕೇಳಿತ್ತಂತೆ. ಮಿಕ್ಸಿ ಅಂದುಕೊಂಡಳಂತೆ.
ಎರಡೂವರೆಗೆ ಯಾರು ಚಟ್ನಿ ರುಬ್ಬುತ್ತಾರೆ
ಎಂದು ನಾನು ಕೇಳಲಿಲ್ಲ:
ಅವಳ ಭಾವನ ಆಟೋ ಆ ದಿನ
ನನ್ನ ಮಕ್ಕಳಿಗಾಗಿ ಮೂರು ಸಲ ಓಡಬೇಕಿತ್ತು.

ಹತ್ತಕ್ಕೆ ಸಂತೇಪೇಟೆಯಿಂದ ರುದ್ರಾಚಾರಿ,
ಮೊಪೆಡ್ಡಿನ ಕಾಲ್ಸಂದಿಯಲ್ಲಿ ವೆಲ್ಡಿಂಗ್ ಪೆಟ್ಟಿಗೆ.
ಈ ಶಟರು ಅವನೇ ಕೂರಿಸಿದ್ದು, ಹನ್ನೊಂದು ವರ್ಷದ ಹಿಂದೆ.
“ಆಲೂರು ಕಡೆ ಆನೆ ಬಂದ್ರೂ ಅಲ್ಲಾಡಾಕಿಲ್ಲ” ಅಂದಿದ್ದ.
ಆನೆಯೇನೋ ಬರಲಿಲ್ಲ.

ಶೆಡ್ಡಿನ ನಾಡಿ ಹಿಡಿದವನಂತೆ ಒಂದು ಸುತ್ತು ಬಂದ.
“ಬೀಗ ಇಷ್ಟು ದಪ್ಪ, ಚಿಲಕ ಇಷ್ಟು ತೆಳು.
ತಲೆಗೆ ಜರಿಪೇಟ, ಕಾಲಿಗೆ ಚಪ್ಪಲಿ ಇಲ್ಲ.
ಸ್ಕ್ರೂ ತಲೆ ಹೊರಗೆ ಕಾಣಬಾರದು ಕಣಮ್ಮ.
ಗವಾಕ್ಷಿಗೆ ಸರಳು ಹಾಕ್ತೀನಿ.
ಆಳು ಬಂದ್ರೆ ತಾನೇ ಹತ್ತೋ ಬಲ್ಬು ಬತ್ತದೆ, ತರಿಸಿ.
ಅಡುಗೆಮನೆಗೆ ಹೋಗೋ ಈ ಬಾಗಿಲು... ಬರೀ ಪ್ಲೈವುಡ್ಡು!
ಅವನು ಮನಸ್ಸು ಮಾಡಿದ್ರೆ
ನಿಮ್ಮ ತಲೆದಿಂಬಿನ ತನಕ ಬರಬಹುದಿತ್ತು.”

ಮನಸ್ಸು ಮಾಡಲಿಲ್ಲ.
ಆ ಮಾತು ನನ್ನೊಳಗೆ ಒಂದು ಸ್ಟೂಲು ಎಳೆದುಕೊಂಡು ಕೂತಿತು.

ಆಮೇಲೆ ನೆಲದಿಂದ, ಕತ್ತರಿಸಿ ಬಿದ್ದ ಚಿಲಕ ಎತ್ತಿಕೊಂಡ.
ಹೆಬ್ಬೆರಳಿನಿಂದ ಅಂಚು ಸವರಿದ.
ಮತ್ತೆ ಸವರಿದ.
ಬೆಳಕಿಗೆ ಹಿಡಿದ.
“ಉಜ್ಜವ್ನೆ” ಅಂದ, ನನಗಲ್ಲ.

ಹೋದ ವರ್ಷ ವ್ಯಾನಿಗೆ ಕಾಲಿಡುವ ಮೆಟ್ಟಿಲು ಬೆಸೆಯಲು
ಇವನ ಜೊತೆ ಒಬ್ಬ ಹುಡುಗ ಬಂದಿದ್ದ, ಲೋಕಿ.
ಕೆಲಸ ಮುಗಿದರೂ ಏಳದೆ, ಅರ ಹಿಡಿದು
ಉಜ್ಜುತ್ತಲೇ ಇದ್ದ.
“ಕೊಯ್ದ ಕಬ್ಬಿಣ ಕೊಯ್ದ ಹಾಗೇ ಬಿಡಬಾರದು ಆಂಟಿ.
ನಾಳೆ ಅಲ್ಲಿಗೆ ಯಾರದೋ ಕೈ ಬತ್ತದೆ.”
ಗುರುವಿನ ಮಾತು, ಅದೇ ರಾಗದಲ್ಲಿ.
ರುದ್ರಾಚಾರಿ ಆಗ ಬೀಡಿಯ ಹೊಗೆಯೊಳಗೆ ನಕ್ಕಿದ್ದ.

“ಲೋಕಿ ಎಲ್ಲಿ ಈಗ?” ಎಂದೆ.
“ದೀಪಾವಳಿಗೆ ಬಿಟ್ಟೋದ. ಲೆಕ್ಕ ಬಾಕಿ ಇತ್ತು.”
ಯಾರದು ಯಾರಿಗೆ ಎಂದು ಹೇಳಲಿಲ್ಲ.
ಮುಖಕ್ಕೆ ಕಪ್ಪು ಗಾಜು ಇಳಿಸಿಕೊಂಡ.

ಸಂಜೆಯವರೆಗೆ ಕಿಡಿ ಹಾರಿತು.
ಒಳಬಾಗಿಲಿಗೆ ತಗಡು, ಗವಾಕ್ಷಿಗೆ ಆರು ಸರಳು,
ಬೆರಳು ದಪ್ಪದ ಹೊಸ ಚಿಲಕ, ಎಲ್ಲೂ ತಲೆ ಕಾಣದ ಬೋಲ್ಟು.
ದುಡ್ಡು ಕೊಡಹೋದರೆ ಕೈ ಹಿಂದೆ ಕಟ್ಟಿಕೊಂಡ.
“ಠಾಣೆಗೆ ಹೋಗ್ತೀರಾ?”
“ನಾಳೆ” ಎಂದೆ.
ನಾಳೆ ಮಕ್ಕಳಿಗೆ ಪರೀಕ್ಷೆ ಶುರು. ನಾಡಿದ್ದು ಎಫ್.ಸಿ.
ಹೀಗೆ ಹದಿನೆಂಟು ನಾಳೆಗಳಾದವು.

ನಿನ್ನೆ ರಾತ್ರಿ ಬಲ್ಬು ತಾನೇ ಹತ್ತಿತು.
ಎದೆ ಬಾಯಿಗೆ ಬಂದು ಕಿಟಕಿಗೆ ಹೋದರೆ
ಜಲಜಾಕ್ಷಿಯ ಬೆಕ್ಕು, ಬೆಳಕಿನ ನಡುವೆ, ಪೀಠಾಧಿಪತಿಯಂತೆ.
ನಿದ್ದೆ ಹೋಯಿತು. ಮೂರು ಬೀಗ ತೆಗೆದು,
ನನ್ನ ಶೆಡ್ಡಿಗೆ ನಾನೇ ಕಳ್ಳಿಯಂತೆ ಹೊಕ್ಕು,
ಆ ಹಳೆಯ ಚಿಲಕ ಹುಡುಕಿದೆ.

ಕತ್ತಲಲ್ಲೇ ಅಂಚಿನ ಮೇಲೆ ಬೆರಳೆಳೆದೆ.
ಕೊಯ್ಯಲಿಲ್ಲ.

ಸೀಟಿನಡಿಯ ಡಬ್ಬಕ್ಕೆ ಹಾಕಿದ್ದೇನೆ,
ಒಂಟಿ ಕಾಲುಚೀಲದ ಪಕ್ಕ.
ಅಲ್ಲಿರುವುದನ್ನೆಲ್ಲ ಒಂದಲ್ಲ ಒಂದು ದಿನ
ಯಾರಾದರೂ ಕೇಳಿಕೊಂಡು ಬರುತ್ತಾರೆ;
ಕೆಲವರು ಬರುವುದಿಲ್ಲ.