ಇಬ್ಬರ ಫೆರೈಟ್

ಮುರೊರಾನಿನ ಉಕ್ಕಿನ ಕಾರ್ಖಾನೆಯಲ್ಲಿ ಅಪ್ಪ
ಉಕ್ಕಿನ ತುಣುಕು ಉಜ್ಜುತ್ತಿದ್ದ, ಕನ್ನಡಿಯಾಗುವ ತನಕ.
ಆಮ್ಲದ ಒಂದು ಹನಿ. ಸೂಕ್ಷ್ಮದರ್ಶಕದ ಕೆಳಗೆ
ಬೆಳ್ಳನೆ ಕಣಗಳು,
ಬದು ಮಾತ್ರ ಕಾಣುವ ಹಿಮದ ಗದ್ದೆಗಳು.
"ಇದು ಫೆರೈಟ್. ಇಂಗಾಲ ಇದಕ್ಕೆ ಒಗ್ಗದು.
ಬಗ್ಗುತ್ತದೆ, ಅದಕ್ಕೇ ಹಡಗು ಬಿರಿಯುವುದಿಲ್ಲ."

ಅಮ್ಮ ನಗುತ್ತಿದ್ದಳು.
ಅವಳ ರೇಡಿಯೋ ಕಾರ್ಖಾನೆಯಲ್ಲಿ ಫೆರೈಟ್ ಅಂದರೆ ಕಪ್ಪು:
ತುಕ್ಕಿನ ಪುಡಿಗೆ ಸತುವಿನ ಪುಡಿ ಬೆರೆಸಿ, ಒತ್ತಿ,
ಪಿಂಗಾಣಿ ಬಟ್ಟಲಿನ ಹಾಗೆ ಸುಟ್ಟ ಕಡ್ಡಿ.
ಅದಕ್ಕೆ ಕೂದಲೆಳೆಯ ತಾಮ್ರ ಸುತ್ತಿ ಸುತ್ತಿ
ಬೆರಳ ತುದಿಯ ಗೆರೆ ಸವೆದಿತ್ತು.
"ಬಗ್ಗಿಸಿ ನೋಡಿ ಇದನ್ನ!"

ಮೆದು ಎಂಬ ಮಾತಿಗೂ ಜಗಳ.
ಅಪ್ಪನಿಗೆ, ವಜ್ರದ ಮೊನೆ ಆಳಕ್ಕಿಳಿದರೆ ಮೆದು.
ಅಮ್ಮನಿಗೆ, ಕಾಂತ ಬಳಿ ಬಂದಾಗ ಒಲಿದು
ದೂರವಾದಾಗ ಮರೆಯುವುದು.
"ಹಾಗಾದರೆ ನಾನು ಗಡಸು," ಅನ್ನುತ್ತಿದ್ದಳು
ನನ್ನ ಜಡೆ ಹೆಣೆಯುತ್ತ.
ಯುದ್ಧ ಮುಗಿದಾಗ ಕರಾಫುತೊದಲ್ಲೇ ಉಳಿದುಹೋದ
ತಮ್ಮ ಶಿಂಕಿಚಿಯ ಹೆಸರು ಎತ್ತುತ್ತಿರಲಿಲ್ಲ.

ನವೆಂಬರಿನಲ್ಲಿ ರೇಡಿಯೋ ನನ್ನ ಕೈ ಜಾರಿತು.
ಕಡ್ಡಿ ಎರಡು ತುಂಡು.
ಅಪ್ಪ ಬೈಯಲಿಲ್ಲ. ಮುರಿದ ಮೈಯನ್ನು
ಬಹಳ ಹೊತ್ತು ದೀಪಕ್ಕೆ ಹಿಡಿದು ನೋಡಿದ,
ತನ್ನದೇ ತುಣುಕೆಂಬಂತೆ;
ಅಂಟು ಹಚ್ಚಿ, ಹೊಲಿಗೆದಾರದಲ್ಲಿ ಬಿಗಿದ.

ರಾತ್ರಿ ಅಮ್ಮ ತಿರುಪು ತಿರುಗಿಸಿದಳು.
ಕೊಂಚ ಕ್ಷೀಣ, ಆದರೂ ಬಂತು
ಕಡಲಾಚೆಯ ಆ ದ್ವೀಪದ ನಿಲಯ.
ಹವಾಮಾನವೋ ಮೀನಿನ ದರವೋ, ರಷ್ಯನ್ನಿನಲ್ಲಿ.
ನಮಗ್ಯಾರಿಗೂ ಒಂದು ಪದ ತಿಳಿಯದು.
ಅಪ್ಪ ಮಾತಾಡದೆ
ಪೆಟ್ಟಿಗೆಯನ್ನು ತುಸುವೇ ಓರೆ ಮಾಡಿದ.
ದನಿ ಏರಿತು.