ಚಕ್ಕುಬಂದಿ

ಹನ್ನೊಂದು ವರ್ಷ ಊರವರ ಚಕ್ಕುಬಂದಿ ಟೈಪು ಮಾಡಿದೆ:
ಪೂರ್ವಕ್ಕೆ ಸರ್ಕಾರಿ ರಸ್ತೆ,
ಪಶ್ಚಿಮಕ್ಕೆ ಈರಪ್ಪನ ಬಾಬ್ತು ಹಿತ್ತಲು,
ಉತ್ತರಕ್ಕೆ ಕನ್ಸರ್ವೆನ್ಸಿ ಗಲ್ಲಿ,
ದಕ್ಷಿಣಕ್ಕೆ ಇದೇ ನಂಬರಿನ ಉಳಿಕೆ ಜಾಗ.
ನನ್ನ ಕತ್ತಿನ ಉತ್ತರಕ್ಕೆ ಏನಿದೆ ಎಂದು
ಯಾರೂ ಕೇಳಲಿಲ್ಲ. ನಾನೂ.

ಶಿವಮೊಗ್ಗದ ಕೋರ್ಟಿನೆದುರು, ಮೆಟ್ಟಿಲ ಕೆಳಗಿನ ಮಳಿಗೆ.
ಮೇಜು ಹಾಲೇಶಣ್ಣನ ಕಾಲದ್ದು.
ಆರಡಿ ಮೇಲೆ ಎರಡಂಗುಲದ ಆಳು.
ಟೈಪ್‌ರೈಟರ್ ಗುಜರಿಗೆ ಹೋಯಿತು, ಅವನು ಹೊಳೆಹೊನ್ನೂರಿಗೆ.
ಅವನ ಮೊಣಕೈ ಮಾತ್ರ
ಮೇಜಿನ ಎತ್ತರದಲ್ಲಿ ಉಳಿದುಕೊಂಡಿತ್ತು.
ಅದನ್ನು ಮುಟ್ಟಲು ನಾನು
ದಿನಕ್ಕೆ ಎಂಟು ಗಂಟೆ ಭುಜ ಎತ್ತಿ ಕೂತೆ,
ನಂಗೇನು ಗೊತ್ತು ಅನ್ನುವವರ ಹಾಗೆ.

ಮೊದಲು ಹೆಬ್ಬೆರಳು ಜುಮ್ಮೆಂದಿತು.
ಆಮೇಲೆ ಒತ್ತಕ್ಷರ ಬಂದಲ್ಲೆಲ್ಲ
ಮಣಿಕಟ್ಟಿನಲ್ಲಿ ಒಂದು ಸೂಜಿ:
ಸ್ವತ್ತು, ಹಕ್ಕು, ಒಪ್ಪಿಗೆ, ತಪ್ಪಿದಲ್ಲಿ.
ಕ್ರಯಪತ್ರದ ತುಂಬ ಒತ್ತಕ್ಷರಗಳೇ.
ಒಂದು ರಾತ್ರಿ ಸಾರಿನ ಸೌಟು ಕೈಜಾರಿ ಬಿತ್ತು.
ಅತ್ತೆ ಎಣ್ಣೆ ಕಾಯಿಸಿದರು, ಜೊತೆಗೆ ದೃಷ್ಟಿಯನ್ನೂ ತೆಗೆದರು.
ಮೆಗ್ಗಾನ್ ಆಸ್ಪತ್ರೆಯ ಹುಡುಗಿ ಡಾಕ್ಟರು
ಕೈ ತಿರುಗಿಸಿ ನೋಡಿ ಕೇಳಿದ್ದು ಒಂದೇ:
"ಕೂರೋದು ಎಲ್ಲಿ?"

ಹಾಗೆ ಬಂದವರು ಬಸ್ತ್ಯಾಂವ್ ಮೇಸ್ತ್ರಿ,
ಕಿವಿಯ ಮೇಲೆ ಪೆನ್ಸಿಲ್ಲು, ಚೀಲದಲ್ಲಿ ಗರಗಸ.
ಮೇಜಿಗಿಂತ ಮೊದಲು ನನ್ನನ್ನು ಅಳೆದರು.
"ಭುಜ ಬಿಡು ತಂಗಿ. ಇನ್ನೂ ಬಿಡು.
ಅದನ್ನ ಯಾರೂ ಕದಿಯಲ್ಲ."
ಎಲ್ಲಿಯವರೆಗೆ ಬಿಡಬಹುದು ಅನ್ನೋದೇ ಮರೆತಿತ್ತು.
ಮೊಣಕೈ ನಿಂತಲ್ಲಿ ಗೋಡೆಗೊಂದು ಗೀಟು.
ಮೇಜು ಅದಕ್ಕಿಂತ ಮೂರು ಬೆರಳು ಮೇಲೆ.

ಯಜಮಾನರು ಕನ್ನಡಕ ಇಳಿಸಿದರು:
"ಕಾಲು ಕುಯ್ದರೆ ಮುಂದೆ ಬರೋರಿಗೆ?"
"ಬಂದಿರೋರಿಗೆ ಮೊದಲು ಮಾಡೋಣ ಸ್ವಾಮಿ."
ನಾಲ್ಕು ಕಾಲು, ನಾಲ್ಕು ತುಂಡು,
ಸ್ಟಾಂಪ್ ಪ್ಯಾಡಿನ ಮೇಲೆಲ್ಲ ನಂದಿ ಮರದ ಪುಡಿ.
ಕಂಪ್ಯೂಟರಿನ ಕೆಳಗೆ ಹಳೇ ಮತದಾರರ ಪಟ್ಟಿ, ಎರಡು ಕಟ್ಟು.
ಇಡೀ ವಾರ್ಡು ಈಗ ಪರದೆಯನ್ನು
ನನ್ನ ಕಣ್ಣಿನ ಮಟ್ಟಕ್ಕೆ ಹೊತ್ತು ನಿಂತಿದೆ,
ಸತ್ತವರೂ ಸೇರಿ.
ನೆಲ ಸಿಗದೆ ತೂಗುತ್ತಿದ್ದ ಪಾದಗಳಿಗೆ
ಭದ್ರಾವತಿಯಿಂದ ಯಾವಾಗಲೋ ಕಾಗದ ತುಂಬಿಕೊಂಡು ಬಂದ ಪೆಟ್ಟಿಗೆ.

ಸಂಜೆ, ಕಕ್ಷಿದಾರರಿಲ್ಲದ ಹೊತ್ತು,
ಹೊಸ ಹಾಳೆ ತೆರೆದು ಹೊಡೆದೆ. ಷೆಡ್ಯೂಲು.
ಪೂರ್ವಕ್ಕೆ: ಒಂದು ತೋಳಿನಳತೆಯಲ್ಲಿ ಪರದೆ,
ಅದಕ್ಕಿಂತ ಹತ್ತಿರ ಬರತಕ್ಕದ್ದಲ್ಲ.
ಪಶ್ಚಿಮಕ್ಕೆ: ಬೆನ್ನು, ಅದಕ್ಕೊರಗಿ ಸುರುಳಿ ಸುತ್ತಿದ ಟವೆಲ್ಲು.
ದಕ್ಷಿಣಕ್ಕೆ: ಮೌಸು, ಕೈ ಚಾಚದೆ ಸಿಗತಕ್ಕದ್ದು.
ಉತ್ತರಕ್ಕೆ: ಕಿಟಕಿ; ಅರ್ಧ ಗಂಟೆಗೊಮ್ಮೆ ಅಲ್ಲಿಂದ
ನೀರಿನ ಟ್ಯಾಂಕಿನ ಮೇಲೆ ಕೂತ ಹದ್ದಿನವರೆಗೆ
ನೋಟ ಹೋಗಿಬರುವ ದಾರಿಯ ಹಕ್ಕು ಸಹಿತ.
ಇದರ ಮಧ್ಯೆ ಇರುವ ಸ್ವತ್ತು,
ನಾಲ್ಕಡಿ ಹನ್ನೊಂದು ಅಂಗುಲ,
ಯಾವುದೇ ಋಣಭಾರವಿಲ್ಲದ್ದು

ಇಲ್ಲಿಗೆ ಬೆರಳು ನಿಂತಿತು.
ಸುಳ್ಳು ಪ್ರಮಾಣವಾಗುತ್ತದೆ.
ಬಲ ಮಣಿಕಟ್ಟಿನಲ್ಲಿ ಇನ್ನೂ ಸ್ವಲ್ಪ ಬಾಕಿಯಿದೆ.
ಸೇವ್ ಮಾಡದೆ ಮುಚ್ಚಿದೆ.

ತುಂಡುಗಳನ್ನು ಮೇಸ್ತ್ರಿ ನನಗೇ ಕೊಟ್ಟು ಹೋದರು:
"ಎತ್ತರದೋರು ಬಂದ್ರೆ ಅಂಟಿಸ್ಕೊಡ್ತೀನಿ."
ಫ್ಯಾನಿನ ಗಾಳಿಗೆ ಏಳುವ ಕಾಗದಗಳ ಮೇಲೆ
ಈಗ ಅವೇ ಕೂತಿವೆ.

ನಿನ್ನೆ ಹಾಲೇಶಣ್ಣ ಯಾರದೋ ಸಾಕ್ಷಿಗೆಂದು ಬಂದ.
ಸುಮ್ಮನೆ ನನ್ನ ಜಾಗದಲ್ಲಿ ಕೂತು ನೋಡಿದ,
ಮಂಡಿ ಹಲಗೆಗೆ ಡಬ್ಬೆಂದಿತು.
ಪಾಪ ಅನ್ನಿಸಿ, "ಮೇಜು ನಿಮ್ಮಳತೆದಾಗಿತ್ತು,
ನಾನೇ ಕುಯ್ಯಿಸಿಬಿಟ್ಟೆ" ಅಂದೆ.
"ನನ್ನಳತೆ ಎಲ್ಲಿ ಬಂತು ಕಣಮ್ಮ,
ನಂಗೂ ಮುಂಚೆ ಯಾರೋ ಕುಳ್ಳ ಕೂರ್ತಿದ್ದ.
ಮೂವತ್ತು ವರ್ಷ ಬಗ್ಗಿ ಬಗ್ಗಿ ಹೊಡೆದೆ."
ಎದ್ದು ನಿಂತ.
ಪೂರ್ತಿ ನಿಲ್ಲಲಿಲ್ಲ ಬೆನ್ನು.